ನಾಣ್ಯಗಳೂ ಕೇರಿ ಕಟ್ಟುತ್ತವೆ!
ಚದುರಂಗದ ಹಾಸಿನ ಮೇಲೆ ಎರಡು ಬಗೆಯ ನಾಣ್ಯಗಳನ್ನು ಬೆರೆಸಿ ಹರಡಿ. ಕೆಲವು ಮನೆ ಖಾಲಿ ಬಿಡಿ. ಸುತ್ತಲಿನವುಗಳಲ್ಲಿ ಮೂರನೇ ಒಂದು ಭಾಗವಾದರೂ ತನ್ನ ಬಗೆಯವು ಇಲ್ಲದ ನಾಣ್ಯ, ಅಂಥ ನೆರೆಯಿರುವ ಖಾಲಿ ಮನೆಗೆ ಹೋಗಲಿ. ತುಸು ಹೊತ್ತಿಗೆ ಹಾಸು ಕೇರಿ ಕೇರಿಯಾಗಿ ಒಡೆದಿರುತ್ತದೆ! ದ್ವೇಷವಿಲ್ಲದೆಯೂ ಹೀಗಾಗುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ತೋರಿಸಿದರು. ಆದರೆ ಅವರ ದೇಶದಲ್ಲಿ ನಡೆದದ್ದು ಬರೀ ನಾಣ್ಯದಾಟವಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಕ್ಷೆಗಳಲ್ಲಿ ಕಪ್ಪುಜನರ ಬಡಾವಣೆಗಳಿಗೆ ಕೆಂಪು ಬಳಿದು, ಸಾಲ ಕೊಡಲು ಅಪಾಯದ ಜಾಗವೆಂದಿತು.

ಸಿಂಗಪುರ 1989ರಲ್ಲಿ ಸರ್ಕಾರಿ ವಸತಿಯ ಪ್ರತಿ ಕಟ್ಟಡದಲ್ಲೂ ಚೀನೀ, ಮಲಯ, ಭಾರತೀಯ ಮೂಲದವರಿಗೆ ಮಿತಿ ಹಾಕಿತು. ಅಲ್ಲಿ ಮಲಯ ಹುಡುಗನಿಗೆ ಚೀನೀ ಗೆಳೆಯ ಎದುರು ಬಾಗಿಲಲ್ಲೇ ಸಿಗಬಲ್ಲ. ಇದಕ್ಕೆ ಬೆಲೆಯೂ ಉಂಟು: ಚೀನೀಯರ ಮಿತಿ ತುಂಬಿದ ಕಟ್ಟಡದಲ್ಲಿ ಮಲಯ ಕುಟುಂಬ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ, ಕೊಳ್ಳುವವರು ಕಡಿಮೆ.