ಕಂಕುಳು ಒತ್ತುವ ಸ್ಲೀವ್‌ಲೆಸ್ ಟಾಪ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆಯೇ?

ಬಿಗಿಯಾದ ಬ್ರಾ, ಕಂಕುಳಲ್ಲಿ ಒತ್ತುವ ಸ್ಲೀವ್‌ಲೆಸ್ ಟಾಪ್ ಅಥವಾ ರವಿಕೆ ಹಾಕಿಕೊಂಡರೆ ದೇಹದ ‘ವಿಷ’ ಹೊರಗೆ ಹೋಗದೆ ಎದೆಯಲ್ಲೇ ನಿಂತು ಕ್ಯಾನ್ಸರ್ ಆಗುತ್ತದೆ ಎಂಬ ಅರ್ಥದ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತವೆ. ಕೊನೆಯಲ್ಲಿ ‘ನಿಮ್ಮ ಅಕ್ಕ-ತಂಗಿಯರಿಗೆ ತಪ್ಪದೆ ಕಳಿಸಿ’ ಎಂಬ ಸಾಲೂ ಇರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ನಿಜವೇ?

ಚಿಕ್ಕ ಉತ್ತರ: ಅಲ್ಲ. ಬಟ್ಟೆಯ ಬಿಗಿಗೂ ಸ್ತನ ಕ್ಯಾನ್ಸರ್‌ಗೂ ಸಂಬಂಧವಿದೆ ಎನ್ನಲು ಪುರಾವೆ ಇಲ್ಲ. ಆದರೆ ಸರಿಯಾಗಿ ಕೂರದ ಸ್ಲೀವ್‌ಲೆಸ್‌ನಿಂದ ಬೇರೆ ತೊಂದರೆಗಳಿವೆ. ಹುಲಿಕಲ್‌ನಂಥ ಮಳೆಯೂರಿನಲ್ಲಿ ಅವು ಇನ್ನೂ ಹೆಚ್ಚು. ಒಂದೊಂದಾಗಿ ನೋಡೋಣ.

ಈ ಮಾತು ಎಲ್ಲಿಂದ ಬಂತು?

1995ರಲ್ಲಿ ಅಮೆರಿಕದಲ್ಲಿ ‘ಡ್ರೆಸ್ಡ್ ಟು ಕಿಲ್’ ಎಂಬ ಪುಸ್ತಕ ಪ್ರಕಟವಾಯಿತು. ಬರೆದವರು ಸಿಡ್ನಿ ರಾಸ್ ಸಿಂಗರ್ ಮತ್ತು ಸೋಮಾ ಗ್ರಿಸ್‌ಮೈಜರ್. ಬ್ರಾ ಬಿಗಿಯಾದರೆ ದುಗ್ಧರಸದ ಹರಿವು ನಿಂತು ಕ್ಯಾನ್ಸರ್ ಆಗುತ್ತದೆ ಎನ್ನುವುದು ಅವರ ವಾದ. ಆದರೆ ವಯಸ್ಸು, ದೇಹದ ತೂಕ, ಮೊದಲ ಹೆರಿಗೆಯಾದ ವಯಸ್ಸು, ಮನೆತನದಲ್ಲಿ ಯಾರಿಗಾದರೂ ಕಾಯಿಲೆ ಇತ್ತೇ ಎಂಬಂಥ ಮುಖ್ಯ ಅಂಶಗಳನ್ನು ಅವರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

2014ರಲ್ಲಿ ಅಮೆರಿಕದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ಇದನ್ನೇ ಪರೀಕ್ಷಿಸಿದರು. ಸ್ತನ ಕ್ಯಾನ್ಸರ್ ಆಗಿದ್ದ ಸಾವಿರಕ್ಕೂ ಹೆಚ್ಚು ಮತ್ತು ಕಾಯಿಲೆ ಇಲ್ಲದ 469 ಮಹಿಳೆಯರನ್ನು ಹೋಲಿಸಿದರು. ಎಲ್ಲರೂ 55ರಿಂದ 74 ವರ್ಷದವರು. ದಿನಕ್ಕೆ ಎಷ್ಟು ಗಂಟೆ ಬ್ರಾ ಹಾಕುತ್ತೀರಿ, ಅದರಲ್ಲಿ ತಂತಿ ಇದೆಯೇ, ಯಾವ ವಯಸ್ಸಿನಿಂದ ಹಾಕುತ್ತಿದ್ದೀರಿ ಎಂದೆಲ್ಲ ಕೇಳಿದರು. ಯಾವ ಲೆಕ್ಕದಲ್ಲೂ ಕ್ಯಾನ್ಸರ್‌ನ ಜೊತೆ ಸಂಬಂಧ ಕಾಣಲಿಲ್ಲ. ದಿನವಿಡೀ ಮೈಗೆ ಅಂಟಿಕೊಂಡಿರುವ ಬ್ರಾದಿಂದಲೇ ಬರದ ಅಪಾಯ ನಾಲ್ಕು ಗಂಟೆ ಹಾಕಿಕೊಳ್ಳುವ ಟಾಪ್‌ನಿಂದ ಬರುತ್ತದೆ ಎನ್ನಲು ಆಧಾರವಿಲ್ಲ.

ಬಟ್ಟೆಯ ಅಂಚು ದುಗ್ಧರಸವನ್ನು ತಡೆಯುವುದಿಲ್ಲವೇ?

ಸ್ತನದಿಂದ ಹೊರಡುವ ದುಗ್ಧರಸದ ಹೆಚ್ಚಿನ ಪಾಲು ಕಂಕುಳಿನ ದುಗ್ಧಗ್ರಂಥಿಗಳಿಗೆ ಹೋಗುವುದು ನಿಜ. ಸಂದೇಶಕ್ಕೆ ವಿಜ್ಞಾನದ ಬಣ್ಣ ಬಂದಿರುವುದು ಇಲ್ಲಿಂದಲೇ. ಆದರೆ ಈ ರಸ ಒಂದೇ ಪೈಪಿನಲ್ಲಿ ಹರಿಯುವುದಿಲ್ಲ. ಬಲೆಯಂತೆ ಹರಡಿದ ಸಣ್ಣ ನಾಳಗಳಲ್ಲಿ ಸಾಗುತ್ತದೆ. ಹೊಲಿಗೆಯ ಅಂಚು ಚರ್ಮದ ಮೇಲೆ ಗೆರೆ ಮೂಡಿಸಬಹುದು, ಇಡೀ ಬಲೆಯನ್ನು ಮುಚ್ಚಲಾರದು. ಇನ್ನೊಂದು ವಿಷಯ: ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಊದಿಕೊಂಡವರಿಗೆ ವೈದ್ಯರು ಕೊಡುವುದೇ ಅಳತೆಗೆ ಹೊಲಿದ ಬಿಗಿ ತೋಳುಚೀಲ. ಒತ್ತಡದಿಂದ ರಸ ಮುಂದೆ ಸಾಗಲು ಸಹಾಯವಾಗುತ್ತದೆ. ‘ವಿಷ’ ಹೊರಹಾಕುವ ಮುಖ್ಯ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು, ಕಂಕುಳಿನದ್ದಲ್ಲ.

ಹಾಗಾದರೆ ‘ಸೀರೆ ಕ್ಯಾನ್ಸರ್’ ಸುದ್ದಿ?

ಅದು ಸುಳ್ಳಲ್ಲ, ಆದರೆ ಬೇರೆಯದು. 2024ರ ನವೆಂಬರ್‌ನಲ್ಲಿ ‘ಬಿಎಂಜೆ ಕೇಸ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ವಾರ್ಧಾ ಮತ್ತು ಮಧುಬನಿಯ ವೈದ್ಯರು ಇಬ್ಬರು ಹಿರಿಯ ಮಹಿಳೆಯರ ವಿವರ ಬರೆದರು. ದಶಕಗಳ ಕಾಲ ಸೊಂಟದ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದ್ದರಿಂದ ಉಜ್ಜಿ ಉಜ್ಜಿ ಹುಣ್ಣಾಗಿ, ಅದು ವರ್ಷ ಕಳೆದರೂ ಮಾಯದೆ ಚರ್ಮದ ಕ್ಯಾನ್ಸರ್‌ಗೆ ತಿರುಗಿತ್ತು. ಇದು ಸ್ತನ ಕ್ಯಾನ್ಸರ್ ಅಲ್ಲ, ಬಹಳ ಅಪರೂಪ. ಅದರಿಂದ ಕಲಿಯಬೇಕಾದ ಪಾಠ ಒಂದೇ: ಬಟ್ಟೆ ಉಜ್ಜಿ ಆದ ಗಾಯ ವಾರಗಟ್ಟಲೆ ಮಾಯದಿದ್ದರೆ ಸುಮ್ಮನಿರಬೇಡಿ.

ಹುಲಿಕಲ್ ಮಳೆಯಲ್ಲಿ ನಿಜವಾದ ತೊಂದರೆ

ಹೊಸನಗರ ತಾಲ್ಲೂಕಿನ ಹುಲಿಕಲ್‌ನಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ರಾಜ್ಯದಲ್ಲಿ ಅತಿ ಹೆಚ್ಚು ಮಳೆಯ ಊರು ಎಂಬ ಹೆಸರಿಗೆ ಅದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಜೊತೆ ಪೈಪೋಟಿ ನಡೆಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಪಕ್ಕ ಹರಡಿದರೂ ಮುಗ್ಗು ವಾಸನೆ ಹೋಗುವುದಿಲ್ಲ.

ಸ್ಲೀವ್‌ಲೆಸ್ ಟಾಪ್‌ನಲ್ಲಿ ಕೊನೆಗೆ ಒಣಗುವ ಭಾಗ ಕಂಕುಳಿನ ಸುತ್ತಿನ ಪೈಪಿಂಗ್. ಅಲ್ಲಿ ಬಟ್ಟೆ ಮೂರು-ನಾಲ್ಕು ಪದರ ಇರುತ್ತದೆ. ಆ ತೇವದ ಅಂಚು ಬಿಗಿಯಾಗಿ ಚರ್ಮಕ್ಕೆ ಉಜ್ಜಿದರೆ ಮೊದಲು ಕೆಂಪಾಗಿ ಉರಿಯುತ್ತದೆ, ಆಮೇಲೆ ಶಿಲೀಂಧ್ರ ಸೇರಿಕೊಂಡು ಹುಳುಕಡ್ಡಿಯಾಗುತ್ತದೆ. ಹೀಗಾದಾಗ ಮೆಡಿಕಲ್ ಶಾಪ್‌ಗೆ ಹೋಗಿ ‘ತುರಿಕೆಗೆ ಒಂದು ಮುಲಾಮು ಕೊಡಿ’ ಎನ್ನುವುದು ನಮ್ಮ ರೂಢಿ. ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ. ಆದರೆ ಶಿಲೀಂಧ್ರ ಒಳಗೊಳಗೇ ಹರಡುತ್ತದೆ, ಚರ್ಮ ತೆಳುವಾಗುತ್ತದೆ, ಮತ್ತೆ ಬಂದಾಗ ಸುಲಭಕ್ಕೆ ಬಗ್ಗುವುದಿಲ್ಲ. ಇದೇ ಕಾರಣಕ್ಕೆ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು.

ಮಳೆಗಾಲದಲ್ಲಿ ಟಾಪನ್ನು ಒಳಮಗ್ಗುಲು ಹೊರಗೆ ಮಾಡಿ ಒಣಗಿಸಿ. ಹಾಕಿಕೊಳ್ಳುವ ಮುಂಚೆ ಕಂಕುಳಿನ ಅಂಚಿಗೆ ಇಸ್ತ್ರಿ ಒತ್ತಿ. ಸಿಂಥೆಟಿಕ್‌ಗಿಂತ ತೆಳು ಹತ್ತಿ ಬಟ್ಟೆ ಮೈಗೆ ಹಿತ. ಮನೆಯಲ್ಲಿ ಒಬ್ಬರಿಗೆ ಹುಳುಕಡ್ಡಿ ಇದ್ದರೆ ಟವೆಲ್, ಬಟ್ಟೆ ಹಂಚಿಕೊಳ್ಳಬೇಡಿ.

ಟೈಲರ್ ಬಳಿ ಏನು ಹೇಳಬೇಕು?

ರೆಡಿಮೇಡ್ ಟಾಪ್ ಕೂರದಿದ್ದರೆ ಅದು ನಿಮ್ಮ ಮೈಯ ದೋಷವಲ್ಲ. ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿ ಬಹುಕಾಲ ಇರಲೇ ಇಲ್ಲ. ಅದಕ್ಕಾಗಿಯೇ ನಿಫ್ಟ್ ಸಂಸ್ಥೆ ಸುಮಾರು 25,000 ಜನರ ಅಳತೆಯನ್ನು ತ್ರೀಡಿ ಸ್ಕ್ಯಾನರ್‌ನಿಂದ ತೆಗೆಯುವ ‘ಇಂಡಿಯಾಸೈಜ್’ ಸಮೀಕ್ಷೆ ಕೈಗೊಂಡಿತು.

ಮೊದಲು ಪರೀಕ್ಷೆ ಮಾಡಿ. ಟಾಪ್ ಹಾಕಿ ಕೈ ಮೇಲೆತ್ತಿ, ಮುಂದಕ್ಕೆ ಚಾಚಿ, ಬಗ್ಗಿ. ಕಂಕುಳಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಆದರೆ ಪಕ್ಕದಿಂದ ಬ್ರಾ ಕಾಣಬಾರದು.

ಎದೆಯ ಹತ್ತಿರ ಅಂಚು ಬಾಯಿ ಬಿಟ್ಟಂತಿದ್ದರೆ ಆರ್ಮ್‌ಹೋಲ್‌ನಿಂದ ಎದೆಯ ಕಡೆಗೆ ಒಂದು ಸಣ್ಣ ಡಾರ್ಟ್ ಹಾಕಿಸಿ. ಪಕ್ಕವೂ ಸಡಿಲವಿದ್ದರೆ ಸೈಡ್ ಹೊಲಿಗೆ ಒಳಕ್ಕೆ ಹಿಡಿಸಿ. ಕಂಕುಳು, ಕುತ್ತಿಗೆ ಎರಡೂ ಕೆಳಗೆ ಜೋತಿದ್ದರೆ ಶೋಲ್ಡರ್ ಹೊಲಿಗೆ ಮೇಲೆತ್ತಿಸಿ. ಕಂಕುಳು ಒತ್ತುತ್ತಿದ್ದರೆ ಮಾತ್ರ ಶೋಲ್ಡರ್ ಎತ್ತಿಸಬೇಡಿ, ಇನ್ನೂ ಬಿಗಿಯಾಗುತ್ತದೆ. ಅಂಥದ್ದಕ್ಕೆ ಸೈಡ್ ಮಾರ್ಜಿನ್ ಬಿಚ್ಚಿಸಬೇಕು, ಇಲ್ಲವೇ ಅಂಚನ್ನು ಸ್ವಲ್ಪವೇ ಆಳ ಮಾಡಿ ಹೊಸ ಪೈಪಿಂಗ್ ಕೊಡಿಸಬೇಕು. ಒಮ್ಮೆ ಕತ್ತರಿಸಿದ ಬಟ್ಟೆ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಪಿನ್ ಹಾಕಿ ನೋಡಿ.

ಇಂಥ ಫಾರ್ವರ್ಡ್‌ನಿಂದ ಏನು ನಷ್ಟ?

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ‘ನಾನು ಬಿಗಿ ಬಟ್ಟೆ ಹಾಕುವುದೇ ಇಲ್ಲ, ನನಗೇನೂ ಆಗುವುದಿಲ್ಲ’ ಎಂದು ನಂಬಿದವರು, ‘ಬಟ್ಟೆ ಒತ್ತಿ ಗಂಟಾಗಿದೆ, ಸಡಿಲ ಹಾಕಿದರೆ ಹೋದೀತು’ ಎಂದು ಕಾಯುವವರು ಆ ಬೇಗನೆಯ ಸಮಯವನ್ನೇ ಕಳೆದುಕೊಳ್ಳುತ್ತಾರೆ. ಸದಾ ಸಡಿಲ ರವಿಕೆ ತೊಟ್ಟ ಅಜ್ಜಿಯಂದಿರಿಗೂ ಈ ಕಾಯಿಲೆ ಬರುತ್ತದೆ.

ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ತೊಟ್ಟಿನಿಂದ ರಕ್ತ ಅಥವಾ ಸ್ರಾವ, ತೊಟ್ಟು ಒಳಕ್ಕೆ ಸೇರುವುದು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು ಕಂಡರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ. 30 ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆ ಉಚಿತ. ಎಲ್ಲಿ, ಯಾವಾಗ ಎಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಗುಂಪಿನಲ್ಲಿ ಆ ಹಳೆಯ ಸಂದೇಶ ಮತ್ತೆ ಬಂದರೆ, ಅದರ ಕೆಳಗೆ ಈ ಲಕ್ಷಣಗಳ ಪಟ್ಟಿಯನ್ನು ಹಾಕಿ. ಅಕ್ಕ-ತಂಗಿಯರಿಗೆ ತಪ್ಪದೆ ಕಳಿಸಬೇಕಾದದ್ದು ಅದನ್ನು.