ಫೆಬ್ರವರಿಯನ್ನು ಗೆದ್ದುಕೊಂಡವರು

ಫ್ರೆಡರಿಕ್ ಡಗ್ಲಸ್‌ಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. ಮೇರಿಲ್ಯಾಂಡ್‌ನ ಗುಲಾಮ ತಾಯಿಯೊಬ್ಬಳಿಗೆ ಹುಟ್ಟಿದ ಮಗುವಿನ ಜನ್ಮದಿನ ಬರೆದಿಡುವ ಗೊಡವೆ ಯಾರಿಗಿತ್ತು? ಮುಂದೆ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಇಡೀ ಅಮೆರಿಕ ಕಿವಿಗೊಡುವ ಮಾತುಗಾರನಾದ ಮೇಲೆ ಅವರು ಫೆಬ್ರವರಿ 14ನ್ನು ತಮ್ಮ ಹುಟ್ಟುಹಬ್ಬವೆಂದು ತಾವೇ ಆರಿಸಿಕೊಂಡರು. ನಮ್ಮ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನವನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದಿದೆ. ಆದರೆ ಡಗ್ಲಸ್‌ರದು ಆ ಬಗೆಯ ಮರೆವಲ್ಲ. ಗುಲಾಮನಿಗೆ ತನ್ನ ವಯಸ್ಸೂ ತಿಳಿಯದಂತೆ ನೋಡಿಕೊಳ್ಳುವುದು ಯಜಮಾನಿಕೆಯ ಒಂದು ಭಾಗವಾಗಿತ್ತು.

ಕಪ್ಪು ಜನರ ಇತಿಹಾಸಕ್ಕೆಂದು ಅಮೆರಿಕ ಮೀಸಲಿಟ್ಟ ತಿಂಗಳು, ಬ್ಲ್ಯಾಕ್ ಹಿಸ್ಟರಿ ಮಂತ್, ಫೆಬ್ರವರಿಯಲ್ಲಿ ಬರುವುದಕ್ಕೆ ಆ 14ನೇ ತಾರೀಕು ಒಂದು ಕಾರಣ. ಎರಡು ದಿನ ಮುಂಚೆ, 12ರಂದು, ಅಬ್ರಹಾಂ ಲಿಂಕನ್ ಹುಟ್ಟಿದ ದಿನ. ಕಪ್ಪು ಜನರ ಊರುಕೇರಿಗಳಲ್ಲಿ ಈ ಎರಡೂ ದಿನಗಳನ್ನು ಮೊದಲಿನಿಂದಲೂ ಆಚರಿಸುತ್ತಿದ್ದರು. 1926ರಲ್ಲಿ ಇತಿಹಾಸಕಾರ ಕಾರ್ಟರ್ ವುಡ್ಸನ್ ಅವೆರಡನ್ನೂ ಒಳಗೊಂಡ ಒಂದು ವಾರವನ್ನು 'ನೀಗ್ರೋ ಹಿಸ್ಟರಿ ವೀಕ್' ಎಂದು ಕರೆದರು. ವರ್ಷದ ಅತಿ ಚಿಕ್ಕ ತಿಂಗಳನ್ನು ಕಪ್ಪು ಜನರಿಗೆ ಕೊಟ್ಟು ಕೈ ತೊಳೆದುಕೊಂಡರು ಎಂಬ ದೂರು ಅಮೆರಿಕದಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಅದನ್ನು ಯಾರೂ ಕೊಟ್ಟದ್ದಲ್ಲ, ಅವರೇ ಆರಿಸಿಕೊಂಡದ್ದು.

ವುಡ್ಸನ್ ಬದುಕನ್ನು ಸ್ವಲ್ಪ ನಿಂತು ನೋಡಬೇಕು. 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದರು. ತಂದೆ-ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಹುಡುಗ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಯಲ್ಲಿ ದುಡಿದ. ಹೈಸ್ಕೂಲು ಮೆಟ್ಟಿಲು ಹತ್ತಿದಾಗ ವಯಸ್ಸು ಇಪ್ಪತ್ತು. 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರಿಗಿಂತ ಮೊದಲು ಆ ಪದವಿ ಪಡೆದ ಕಪ್ಪು ವ್ಯಕ್ತಿ ಡಬ್ಲ್ಯು.ಇ.ಬಿ. ಡುಬಾಯ್ಸ್ ಒಬ್ಬರೇ. 1915ರಲ್ಲಿ ವುಡ್ಸನ್ ಕಪ್ಪು ಜನರ ಇತಿಹಾಸದ ಅಧ್ಯಯನಕ್ಕೆಂದೇ ಒಂದು ಸಂಘ ಕಟ್ಟಿದರು, ಮರುವರ್ಷ ಪತ್ರಿಕೆ ತಂದರು. ಅವರ ವಾರಾಚರಣೆ ಬರೀ ಭಾಷಣದ್ದಾಗಿರಲಿಲ್ಲ. ಚಿತ್ರಗಳು, ಪಾಠಗಳು, ಮಕ್ಕಳು ಆಡುವ ನಾಟಕಗಳು ಶಾಲೆಗಳಿಗೆ ಹೋಗುತ್ತಿದ್ದವು. ವರ್ಷವಿಡೀ ಕಲಿತದ್ದನ್ನು ಆ ವಾರ ಎದ್ದುನಿಂತು ತೋರಿಸಬೇಕು ಎಂಬುದು ಅವರ ಆಸೆ. ಈಗಿನ ಆಚರಣೆಗಳನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಈ ಅಳತೆಗೋಲೇ. ಮೊದಲು ಕಲಿಕೆ, ಅದರ ಬೆನ್ನಿಗೆ ಹಬ್ಬ.

ವಾರ ತಿಂಗಳಾದದ್ದು ಸರಕಾರದ ಕಚೇರಿಯಲ್ಲಲ್ಲ, ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ. ಒಹಾಯೊದ ಕೆಂಟ್ ಸ್ಟೇಟ್‌ನಲ್ಲಿ 1968ರ ನವೆಂಬರ್‌ನಲ್ಲಿ ಓಕ್ಲೆಂಡ್ ನಗರದ ಪೊಲೀಸ್ ಇಲಾಖೆ ಉದ್ಯೋಗ ಸಂದರ್ಶನಕ್ಕೆ ಬಂದಿತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು ಓಕ್ಲೆಂಡ್. ಅಲ್ಲಿನ ಪೊಲೀಸರ ಹೆಸರು ಕಪ್ಪು ಯುವಕರ ರಕ್ತ ಕುದಿಸುವಂಥದ್ದು. 'ಬ್ಲ್ಯಾಕ್ ಯುನೈಟೆಡ್ ಸ್ಟೂಡೆಂಟ್ಸ್' ಸಂಘಟನೆಯವರು ಬಿಳಿಯ ಎಡಪಂಥೀಯ ವಿದ್ಯಾರ್ಥಿಗಳ ಜತೆ ಧರಣಿ ಕೂತರು. ಶಿಸ್ತುಕ್ರಮದ ಬೆದರಿಕೆ ಬಂದಾಗ ಸುಮಾರು 250 ಕಪ್ಪು ವಿದ್ಯಾರ್ಥಿಗಳು ಆವರಣ ಬಿಟ್ಟು ಪಕ್ಕದ ಆಕ್ರನ್ ನಗರಕ್ಕೆ ಹೊರಟುಹೋದರು. ಆಡಳಿತ ಮಣಿಯಿತು, ಯಾರ ಮೇಲೂ ಕ್ರಮವಿಲ್ಲ ಎಂದಿತು. ಅವರು ಮರಳಿ ಬಂದರು.

ಬಂದವರು ಸುಮ್ಮನಿರಲಿಲ್ಲ. ಕಪ್ಪು ಅಧ್ಯಾಪಕರು ಬೇಕು, ನಮ್ಮ ಇತಿಹಾಸ ಪಠ್ಯದಲ್ಲಿರಬೇಕು, ನಮಗೊಂದು ಜಾಗ ಬೇಕು ಎಂದರು. 1969ರಲ್ಲಿ ಎಡ್ವರ್ಡ್ ಕ್ರಾಸ್ಬಿ ಅವರ ಮುಂದಾಳತ್ವದಲ್ಲಿ ಆಫ್ರಿಕನ್ ಅಮೆರಿಕನ್ ವಿಷಯಗಳ ಸಂಸ್ಥೆ ಶುರುವಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳೂ ಕಪ್ಪು ಅಧ್ಯಾಪಕರೂ ಸೇರಿ, ವಾರ ಸಾಲದು ತಿಂಗಳೇ ಬೇಕು ಎಂಬ ಪ್ರಸ್ತಾಪ ಮುಂದಿಟ್ಟರು. ಮೊದಲ ಆಚರಣೆ 1970ರ ಜನವರಿ 2ರಿಂದ ಫೆಬ್ರವರಿ 28ರವರೆಗೆ ನಡೆಯಿತು. ಒಂದು ತಿಂಗಳು ಕೇಳಿ ಎರಡು ತಿಂಗಳು ಆಚರಿಸಿದರು ಎಂಬುದರಲ್ಲೇ ಅವರ ಹಸಿವು ಎಷ್ಟಿತ್ತೆಂದು ಗೊತ್ತಾಗುತ್ತದೆ.

ದೇಶದ ಇನ್ನೊಂದು ತುದಿಯಲ್ಲೂ ಇದೇ ಗಾಳಿ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರ್ 6ರಿಂದ ಮರುವರ್ಷದ ಮಾರ್ಚ್‌ವರೆಗೆ, ನಾಲ್ಕೂವರೆ ತಿಂಗಳು ಮುಷ್ಕರ ನಡೆಯಿತು. ಕಪ್ಪು, ಲ್ಯಾಟಿನೊ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳು ಒಟ್ಟಾಗಿ ನಿಂತರು, ಲಾಠಿ ಏಟು ತಿಂದರು, ಜೈಲಿಗೆ ಹೋದರು. ಅವರಿಗೆ ಸಿಕ್ಕದ್ದು ಜನಾಂಗೀಯ ಅಧ್ಯಯನಗಳ ಒಂದು ಪೂರ್ಣ ವಿಭಾಗ.

ಕೆಂಟ್‌ನಲ್ಲಿ ಮೊದಲ ಆಚರಣೆ ಮುಗಿದು ಎರಡು ತಿಂಗಳಾಗಿತ್ತಷ್ಟೆ. 1970ರ ಮೇ 4ರಂದು ಅದೇ ಆವರಣದಲ್ಲಿ ವಿಯೆಟ್ನಾಂ ಯುದ್ಧವಿರೋಧಿ ಪ್ರತಿಭಟನೆಯ ಮೇಲೆ ನ್ಯಾಷನಲ್ ಗಾರ್ಡ್ ಸೈನಿಕರು ಹದಿಮೂರು ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿಗೆ ಗಾಯ. ಆ ದಿನ ಮೈದಾನದಿಂದ ದೂರ ಇರಿ, ಅವರ ಬಂದೂಕಿನಲ್ಲಿ ನಿಜವಾದ ಗುಂಡುಗಳಿರುತ್ತವೆ ಎಂದು ಕಪ್ಪು ವಿದ್ಯಾರ್ಥಿ ನಾಯಕರು ತಮ್ಮವರಿಗೆ ಮೊದಲೇ ಹೇಳಿದ್ದರು. ಬಿಳಿಯ ವಿದ್ಯಾರ್ಥಿಗಳು ಊಹಿಸದೇ ಇದ್ದದ್ದನ್ನು ಅವರು ಊಹಿಸಬಲ್ಲವರಾಗಿದ್ದರು. ಅನುಭವದಿಂದ ಬಂದ ಇತಿಹಾಸಜ್ಞಾನ ಎಂದರೆ ಇದೇ. ಅದಾಗಿ ಹತ್ತೇ ದಿನ ಕಳೆದು, ಮೇ 14ರ ನಡುರಾತ್ರಿ ಮೀರಿದ ಮೇಲೆ, ಮಿಸಿಸಿಪ್ಪಿಯ ಜಾಕ್ಸನ್ ಸ್ಟೇಟ್ ಎಂಬ ಕಪ್ಪು ಜನರ ಕಾಲೇಜಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವಕರು ಬಲಿಯಾದರು. ಕೆಂಟ್ ಹೆಸರು ಲೋಕಕ್ಕೆಲ್ಲ ಗೊತ್ತು. ಜಾಕ್ಸನ್ ಹೆಸರು ಎಷ್ಟು ಜನ ಕೇಳಿದ್ದಾರೆ? ಪ್ರತ್ಯೇಕ ತಿಂಗಳು ಯಾಕೆ ಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಈ ಎರಡು ಹೆಸರುಗಳು.

ಆಮೇಲೆ ಸರಕಾರಗಳು ಬಂದವು. 1976ರಲ್ಲಿ ಅಧ್ಯಕ್ಷ ಫೋರ್ಡ್ ಫೆಬ್ರವರಿಗೆ ಮಾನ್ಯತೆ ಕೊಟ್ಟರು. 1987ರಲ್ಲಿ ಮಾರ್ಚ್ ಮಹಿಳೆಯರ ಇತಿಹಾಸಕ್ಕೆ, ಮರುವರ್ಷ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15 ಹಿಸ್ಪಾನಿಕ್ ಪರಂಪರೆಗೆ, 1990ರಲ್ಲಿ ನವೆಂಬರ್ ಮೂಲನಿವಾಸಿಗಳಿಗೆ, 1992ರಲ್ಲಿ ಮೇ ಏಷ್ಯಾ ಮತ್ತು ಪೆಸಿಫಿಕ್ ಮೂಲದವರಿಗೆ. ವಿಶ್ವವಿದ್ಯಾಲಯಗಳು ಇವನ್ನೆಲ್ಲ ಕ್ಯಾಲೆಂಡರಿಗೆ ಸೇರಿಸಿಕೊಂಡವು. ಕೆಲವು ಕಡೆ ಅದು ಪೋಸ್ಟರು, ಊಟ, ಫೋಟೊಗಳಿಗೆ ಇಳಿಯಿತು. 2018ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಭೋಜನಶಾಲೆಯೊಂದರಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್ ವಿಶೇಷವೆಂದು ಕಲ್ಲಂಗಡಿ ಸ್ವಾದದ ನೀರು, ಕೂಲ್-ಏಡ್ ಎಂಬ ಸಿಹಿ ಪಾನೀಯ ಇಟ್ಟರು. ಕಪ್ಪು ಜನರನ್ನು ಹೀಯಾಳಿಸಲು ನೂರು ವರ್ಷಗಳಿಂದ ಬಳಸುತ್ತಿದ್ದ ಚಿತ್ರವೇ ಆ ಕಲ್ಲಂಗಡಿ. ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದ ಮೇಲೆ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಆ ಅಡುಗೆಮನೆಯವರಿಗೆ ಹಬ್ಬದ ಹೆಸರು ಗೊತ್ತಿತ್ತು, ಪಾಠ ತಲುಪಿರಲಿಲ್ಲ.

ಅಮೆರಿಕಕ್ಕೆ ಓದಲು ಹೋಗುವ ಕನ್ನಡದ ಮಕ್ಕಳು ಇದೆಲ್ಲ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಲು ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶದ ಮನಸ್ಸನ್ನು ಬದಲಿಸದಿದ್ದರೆ ಆ ಕಾನೂನು ಬರುತ್ತಿರಲಿಲ್ಲ. ಆವರಣದಲ್ಲಿ ದೀಪಾವಳಿ, ರಾಜ್ಯೋತ್ಸವ ಮಾಡಲು ಸಿಗುವ ಸಭಾಂಗಣದ ಹಿಂದೆಯೂ 1968ರ ಧರಣಿಗಳಿವೆ.

ಕೊಂಡಿ ಇನ್ನೂ ಹಳೆಯದು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಓದಿದ ಅಂಬೇಡ್ಕರ್, 1946ರಲ್ಲಿ ಡುಬಾಯ್ಸ್‌ಗೆ ಪತ್ರ ಬರೆದರು. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಕೇಳಿದರು. ಡುಬಾಯ್ಸ್ ಅದೇ ವರ್ಷದ ಜುಲೈನಲ್ಲಿ ಉತ್ತರಿಸಿದರು. 2010ರ ದಶಕದಲ್ಲಿ ದಲಿತ ಕಾರ್ಯಕರ್ತೆಯರು ಏಪ್ರಿಲ್ ತಿಂಗಳನ್ನು ದಲಿತ ಇತಿಹಾಸ ಮಾಸವೆಂದು ಆಚರಿಸತೊಡಗಿದಾಗ ಎದುರಿಗಿಟ್ಟುಕೊಂಡ ಮಾದರಿ ಬ್ಲ್ಯಾಕ್ ಹಿಸ್ಟರಿ ಮಂತ್. ಅದು ಉಪನ್ಯಾಸಗಳಲ್ಲೇ ಮುಗಿಯಲಿಲ್ಲ ಎಂಬುದು ನನಗೆ ದೊಡ್ಡ ವಿಷಯ. 2019ರಲ್ಲಿ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನೂ ಸೇರಿಸಿತು. 2022ರ ಜನವರಿಯಲ್ಲಿ, ಆಗ 23 ಆವರಣಗಳಿದ್ದ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯವೂ ಅದನ್ನೇ ಮಾಡಿತು. ಅದಕ್ಕೆ ಮುಂಚೆ ವಿದ್ಯಾರ್ಥಿ ಸಂಘ ನಿರ್ಣಯ ಅಂಗೀಕರಿಸಿತ್ತು. ವಿರೋಧ ಬಂದದ್ದು ಬಹುಪಾಲು ನಮ್ಮವರಿಂದಲೇ. ಮೇ ತಿಂಗಳಲ್ಲಿ ಏಷ್ಯನ್ ಪರಂಪರೆಯ ವೇದಿಕೆ ಹತ್ತಿ, ಏಪ್ರಿಲ್‌ನ ಮಾತು ಬಂದಾಗ ಮುಖ ತಿರುಗಿಸುವುದು ನ್ಯಾಯವಲ್ಲ.

ಈಗ ಗಾಳಿ ತಿರುಗಿದೆ. ಸರಕಾರಿ ವಿಶ್ವವಿದ್ಯಾಲಯಗಳ ವೈವಿಧ್ಯ ಕಚೇರಿಗಳನ್ನು ಮುಚ್ಚಿಸುವ ಟೆಕ್ಸಸ್‌ನ ಕಾನೂನು 2024ರ ಜನವರಿ 1ರಂದು ಜಾರಿಗೆ ಬಂದಾಗ ಆಸ್ಟಿನ್‌ನ ವಿಶ್ವವಿದ್ಯಾಲಯದ ಬಹುಸಂಸ್ಕೃತಿ ಕೇಂದ್ರ ಬಾಗಿಲು ಹಾಕಿತು. ಒಹಾಯೊದ ಇಂಥದೇ ಕಾನೂನಿಗೆ 2025ರ ಮಾರ್ಚ್‌ನಲ್ಲಿ ಸಹಿ ಬಿತ್ತು. ಜೂನ್ ಕೊನೆಯಲ್ಲಿ ಅದು ಜಾರಿಯಾಗುವಾಗ ಮುಚ್ಚಿದ ಕೇಂದ್ರಗಳಲ್ಲಿ ಕೆಂಟ್ ಸ್ಟೇಟ್‌ನ ಬಹುಸಂಸ್ಕೃತಿ ವಿದ್ಯಾರ್ಥಿ ಕೇಂದ್ರವೂ ಒಂದು. ಈ ಕಾನೂನುಗಳು ಆಚರಣೆಯನ್ನೇ ನಿಷೇಧಿಸಿಲ್ಲ. ಎಲ್ಲರಿಗೂ ತೆರೆದಿರುವ ಬ್ಲ್ಯಾಕ್ ಹಿಸ್ಟರಿ ಮಂತ್ ಕಾರ್ಯಕ್ರಮ ಕಾನೂನುಬಾಹಿರವಲ್ಲ ಎಂದು ಕೇಂದ್ರ ಶಿಕ್ಷಣ ಇಲಾಖೆಯೇ ಹೇಳಿದೆ. ತೆಗೆದದ್ದು ವರ್ಷವಿಡೀ ತೆರೆದಿರುತ್ತಿದ್ದ ಕೋಣೆಯನ್ನು, ಅಲ್ಲಿ ಸಂಬಳ ಪಡೆದು ಕೂತಿರುತ್ತಿದ್ದ ಸಲಹೆಗಾರರನ್ನು. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿ, ಅಧ್ಯಾಪಕರ ಮಾತಿನಿಂದ ನೊಂದ ಹುಡುಗ, ಬೆಂಗಳೂರಿನಿಂದಲೋ ನೈರೋಬಿಯಿಂದಲೋ ಬಂದು ಊರು ತಿಳಿಯದೆ ನಿಂತವರು ಬಾಗಿಲು ಬಡಿಯುತ್ತಿದ್ದದ್ದು ಇಂಥ ಕೋಣೆಗಳಲ್ಲಿ. 1969ರ ವಿದ್ಯಾರ್ಥಿಗಳು ಕೇಳಿದ್ದ ಮೂರರಲ್ಲಿ ಜಾಗವೂ ಒಂದಾಗಿತ್ತು. ಅದನ್ನು ಮತ್ತೆ ಕೇಳುವ ಕೆಲಸ ಈಗಿನವರ ಪಾಲಿಗೆ ಬಂದಿದೆ, ಆ ಕೇಳುವವರ ಸಾಲಿನಲ್ಲಿ ನಮ್ಮ ಮಕ್ಕಳೂ ಇರಬೇಕೆಂದು ನಾನು ಬಯಸುತ್ತೇನೆ.