ವಠಾರ ಕೆಟ್ಟಾಗ ಬಂದು ಸೇರುವ ಬೂಷ್ಟು

ಮಳೆಗಾಲ ಮುಗಿಯುವ ಹೊತ್ತಿಗೆ ರಾಜಾಜಿನಗರದ ಹಳೆಯ ಮನೆಗಳ ಬಚ್ಚಲುಗೋಡೆಯ ಮೇಲೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ. ವಿಜಯನಗರದಲ್ಲಿ ಹಳೆಯ ಕಟ್ಟಡ ಕೆಡವಿದಾಗ ಏಳುವ ದೂಳಿನಲ್ಲಿ, ಕೆಂಗೇರಿಯ ಕಡೆಯ ಗೊಬ್ಬರದ ಗುಂಡಿಗಳಲ್ಲಿ ಅದರ ಬಂಧುಗಳಿರುತ್ತವೆ. ಅವುಗಳಲ್ಲೊಂದು ಆಸ್ಪರ್ಜಿಲ್ಲಸ್. 1729ರಲ್ಲಿ ಇಟಲಿಯ ಪಾದ್ರಿ, ಸಸ್ಯವಿಜ್ಞಾನಿ ಮಿಕೆಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಸಾಧನದಂತೆ ಕಂಡಿತಂತೆ. ಅದರ ಹೆಸರನ್ನೇ ಇಟ್ಟ.

ಇದರ ಬೀಜಕದ ಅಗಲ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ 2ರಿಂದ 3 ಭಾಗ ಮಾತ್ರ. ಶಾಲೆಗೆ ಹೋಗುವ ಹುಡುಗನಾಗಲಿ, ಬಸ್ಸಿಗೆ ಕಾಯುವ ಅಜ್ಜಿಯಾಗಲಿ, ದಿನಕ್ಕೆ ಇಂಥ ನೂರಾರು ಬೀಜಕಗಳನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುತ್ತಾರೆ. ಆದರೂ ಏನೂ ಆಗುವುದಿಲ್ಲ. ಶ್ವಾಸನಾಳದ ಲೋಳೆ ಕೆಲವನ್ನು ಹೊರದಬ್ಬುತ್ತದೆ, ಉಳಿದವನ್ನು ಬಿಳಿ ರಕ್ತಕಣಗಳು ನುಂಗಿ ಹಾಕುತ್ತವೆ.

ಕಷ್ಟ ಬರುವುದು ಈ ಕಾವಲು ಸಡಿಲಿದವರಿಗೆ. ರಕ್ತದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುವವರು, ಅಸ್ಥಿಮಜ್ಜೆ ಅಥವಾ ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರು ಈ ಸಾಲಿನಲ್ಲಿದ್ದಾರೆ. ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಪೊಳ್ಳು ಉಳಿದವರ ಎದೆಯಲ್ಲಿ ಬೂಷ್ಟು ಉಂಡೆಗಟ್ಟುವುದೂ ಉಂಟು. 2021ರ ಮೇ ತಿಂಗಳಲ್ಲಿ ‘ಕಪ್ಪು ಶಿಲೀಂಧ್ರ’ದ ಹೆಸರು ಕೇಳಿ ಕರ್ನಾಟಕವೇ ನಡುಗಿತ್ತು, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದಕ್ಕೆ ಪ್ರತ್ಯೇಕ ಚಿಕಿತ್ಸೆಯ ವ್ಯವಸ್ಥೆಯಾಗಿತ್ತು. ಅದು ಬೇರೆ ಜಾತಿಯ ಬೂಷ್ಟು, ಹೆಚ್ಚಾಗಿ ಮೂಗು ಕಣ್ಣುಗಳನ್ನು ಹಿಡಿದದ್ದು. ಅಲ್ಲಿಯೂ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ದಾರಿ ಮಾಡಿಕೊಟ್ಟಿದ್ದವು.

ಆದರೆ ಒಂದೇ ಕಾಯಿಲೆ, ಒಂದೇ ಔಷಧಿಯ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಸೋಂಕು ತಗಲುವುದೇಕೆ?

ಉತ್ತರದ ಒಂದು ಎಳೆ ಶ್ವಾಸನಾಳದ ಬ್ಯಾಕ್ಟೀರಿಯಾಗಳಲ್ಲಿದೆ. ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲವೆಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು. 2010ರಲ್ಲಿ ಲಂಡನ್ನಿನ ಸಂಶೋಧಕರು ವಂಶವಾಹಿಗಳ ಗುರುತು ಹಿಡಿದು ಹುಡುಕಿದಾಗ ಅಲ್ಲೊಂದು ವಠಾರವೇ ಕಂಡಿತು. ಪ್ರಿವೊಟೆಲ್ಲ, ವೀಲೊನೆಲ್ಲ ಮೊದಲಾದವು ನಿದ್ದೆಯಲ್ಲಿ ಜಾರುವ ಜೊಲ್ಲಿನೊಡನೆ ಬಾಯಿಯಿಂದ ಇಳಿದು ಬಂದವು.

ಈ ವಠಾರದಲ್ಲಿ ಜಗಳ, ಸ್ನೇಹ ಎರಡೂ ಇವೆ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಪಯೊಸಯನಿನ್ ಎಂಬ ನೀಲಿ-ಹಸಿರು ವಿಷ ಕಾರಿ ಆಸ್ಪರ್ಜಿಲ್ಲಸ್ಸನ್ನು ಅದುಮುತ್ತದೆ. ಬೂಷ್ಟಿಗೆ ಬೇಕಾದ ಕಬ್ಬಿಣವನ್ನೂ ಕಿತ್ತುಕೊಳ್ಳುತ್ತದೆ. ಹಾಗೆಂದು ಅದನ್ನು ಒಳ್ಳೆಯವನೆನ್ನುವಂತಿಲ್ಲ. ಅದು ತಾನೇ ನ್ಯುಮೋನಿಯಾ ತರಬಲ್ಲದು. ಅದು ಬಿಡುವ ಗಂಧಕದ ಒಂದು ಆವಿ ಬೂಷ್ಟಿನ ಬೆಳವಣಿಗೆಗೆ ನೆರವಾಗುವುದೂ ಪ್ರಯೋಗಾಲಯದಲ್ಲಿ ಕಂಡಿದೆ.

2022ರಲ್ಲಿ ಫ್ರಾನ್ಸಿನ ಸಂಶೋಧಕರು ನಿರೋಧಶಕ್ತಿ ಕುಂದಿದ ರೋಗಿಗಳ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವ ಪರೀಕ್ಷಿಸಿದರು. ಆಸ್ಪರ್ಜಿಲ್ಲಸ್ ಒಳಹೊಕ್ಕವರಲ್ಲಿ ಪ್ರಿವೊಟೆಲ್ಲ, ವೀಲೊನೆಲ್ಲ ಕಡಿಮೆಯಾಗಿ, ಸ್ಟೆಫಿಲೊಕಾಕಸ್‌ನಂಥವು ಹೆಚ್ಚಿದ್ದವು. ಗಮನಿಸಬೇಕಾದ ಮಾತೆಂದರೆ, ಒಟ್ಟು ಬ್ಯಾಕ್ಟೀರಿಯಾಗಳು ಕಡಿಮೆಯಾಗಿರಲಿಲ್ಲ, ಹೆಚ್ಚೇ ಇದ್ದವು. ಕಡಿಮೆಯಾದದ್ದು ಅವುಗಳ ಬಗೆ. ವಠಾರ ಖಾಲಿಯಾಗಿರಲಿಲ್ಲ, ಕೆಲವರೇ ಎಲ್ಲ ಮನೆ ಹಿಡಿದಿದ್ದರು.

ಇದು ಸೋಂಕಿನ ಕಾರಣವೋ, ಪರಿಣಾಮವೋ? ಮರುವರ್ಷ ಜರ್ಮನಿಯ ಯೇನಾದ ವಿಜ್ಞಾನಿಗಳು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ 40 ಮಂದಿಯ ಕಫ ಪರೀಕ್ಷಿಸಿ, ಈ ಬೂಷ್ಟಿನ 252 ತಳಿಗಳ ಆಹಾರಕ್ರಮವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಬೂಷ್ಟು ಬಂದ ಮೇಲೆ ನೆರೆಹೊರೆ ಅದಕ್ಕೇ ಅನುಕೂಲವಾಗಿ ಬದಲಾಗಿತ್ತು. ಅಂದರೆ ಎರಡೂ ಇರಬಹುದು.

ಹೀಗಿರುವಾಗ ಮೊಸರು ತಿಂದರೆ, ಯಾವುದೋ ಪುಡಿ ನುಂಗಿದರೆ ಶ್ವಾಸಕೋಶದ ವಠಾರ ಸರಿಹೋಗುತ್ತದೆಂಬ ಜಾಹೀರಾತಿಗೆ ತಂದೆತಾಯಿಗಳು ಮರುಳಾಗಬೇಕಿಲ್ಲ. ಶೀತಕ್ಕೆಲ್ಲ ಅಂಗಡಿಯಿಂದ ಆಂಟಿಬಯಾಟಿಕ್ ತಂದು ಮಕ್ಕಳಿಗೆ ನುಂಗಿಸುವ ಅಭ್ಯಾಸವನ್ನಂತೂ ಬಿಡಬೇಕು. ಆ ಮಾತ್ರೆಗೆ ಸಾಧು-ಪುಂಡ ಎಂಬ ಭೇದ ತಿಳಿಯದು. ಆಂಟಿಬಯಾಟಿಕ್ ನುಂಗಿದ ಬಳಿಕ ನಾಲಗೆಯಲ್ಲಿ ಬಿಳಿ ಅಗ್ರ ಏಳುವುದು ಇದೇ ಕಥೆಯ ಚಿಕ್ಕ ರೂಪ. ಅದೂ ಒಂದು ಶಿಲೀಂಧ್ರವೇ. ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್ಹೇಲರ್ ಬಳಸುವ ಮಗು ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗುಳಬೇಕು, ಆದರೆ ಇನ್ಹೇಲರ್ ನಿಲ್ಲಿಸಬಾರದು. ಕಿಮೊಥೆರಪಿಯಲ್ಲಿರುವವರ ಕೋಣೆಯಲ್ಲಿ ಮಣ್ಣಿನ ಕುಂಡ ಬೇಡ. ಪಕ್ಕದಲ್ಲಿ ಕಟ್ಟಡ ಒಡೆಯುತ್ತಿದ್ದರೆ ಕಿಟಕಿ ಮುಚ್ಚಿರಲಿ.

ಸದ್ಯ ವೈದ್ಯರು ಅದೇ ಶ್ವಾಸಕೋಶದ ದ್ರವದಲ್ಲಿ ಗ್ಯಾಲಾಕ್ಟೊಮ್ಯಾನನ್ ಎಂಬ ಬೂಷ್ಟಿನ ಸಕ್ಕರೆಯನ್ನು ಹುಡುಕುತ್ತಾರೆ. ಅದು ಸಿಗುವ ಹೊತ್ತಿಗೆ ಬೂಷ್ಟು ಬೇರುಬಿಟ್ಟಿರುತ್ತದೆ. ಆ ದ್ರವದ ಬ್ಯಾಕ್ಟೀರಿಯಾಗಳನ್ನು ಓದಿ ಅದಕ್ಕೂ ಮೊದಲೇ ಎಚ್ಚರಿಕೆ ಪಡೆಯಲಾದೀತೇ ಎಂಬುದು ಸಂಶೋಧಕರ ಮುಂದಿರುವ ಕೆಲಸ.